ಐದನೇ ಹಾಡಿನ ಹೆಚ್ಚುವರಿ ಸದ್ದು

೧೯೯೭ರಲ್ಲಿ ನಾನು ಅಟ್ಲಾಂಟಾದ ಉತ್ತರಕ್ಕಿದ್ದ ಒಂದು ಸಿ.ಡಿ. ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದೆ. ಈ ಪ್ರಕರಣವನ್ನು ಸ್ನೇಹಿತರಿಗೆ ಎಷ್ಟೋ ಸಲ ನೆನಪಿನಿಂದಲೇ ಹೇಳಿದ್ದೇನೆ. ಬರೆಯಲು ಕೂತಾಗ ಆ ವರ್ಷದ ದಿನಚರಿ ತೆರೆದೆ. ನಾನು ಹೇಳುತ್ತಿದ್ದುದು ಪೂರ್ತಿ ನಿಜವಲ್ಲ ಎಂದು ಗೊತ್ತಾಯಿತು.

ಮೊದಲು ಕೆಲಸದ ಬಗ್ಗೆ ಸ್ವಲ್ಪ. ಸ್ಟುಡಿಯೋದಿಂದ ಬಂದ ಟೇಪನ್ನು ಲೇಸರ್ ಮೂಲಕ ಗಾಜಿನ ಮಾಸ್ಟರ್‌ಗೆ ಇಳಿಸುತ್ತಿದ್ದೆವು. ಅದರಿಂದ ಲೋಹದ ಅಚ್ಚು, ಅಚ್ಚಿನಿಂದ ಪ್ಲಾಸ್ಟಿಕ್ ಡಿಸ್ಕ್. ಡಿಸ್ಕಿನಲ್ಲಿರುವ ದೋಷಗಳನ್ನು ಒಂದು ಯಂತ್ರ ಎಣಿಸಿ ಅಂಕಿ ಕೊಡುತ್ತಿತ್ತು. ಅದರ ಜೊತೆಗೆ ಪ್ರತಿ ಆಲ್ಬಮ್ಮಿನ ಮೊದಲ ಡಿಸ್ಕನ್ನು ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಕೇಳಬೇಕು. ಅನುಮಾನ ಬಂದರೆ ತಯಾರಿಕೆಯ ಲೈನನ್ನೇ ನಿಲ್ಲಿಸುವ ಅಧಿಕಾರ ಅವರಿಗಿತ್ತು.

ಆ ಕೆಲಸಕ್ಕೆ ಶಾರದಾ ಆಂಟಿಯನ್ನು ಸೇರಿಸಿದ್ದು ನಾನೇ. ಅಲ್ಫರೆಟಾದಲ್ಲಿ ನಮ್ಮ ಬಡಾವಣೆಯಲ್ಲೇ ಇದ್ದರು. ಅವರ ಯಜಮಾನರು ಡಾಕ್ಟರು, ಎಪ್ಪತ್ತರ ದಶಕದಲ್ಲಿ ಬಂದವರು. ಆಂಟಿ ಚೆನ್ನಾಗಿ ವೀಣೆ ಕಲಿತವರು. ಐವತ್ತೆರಡನೇ ವಯಸ್ಸಿನಲ್ಲಿ ಇದು ಅವರ ಮೊದಲ ನೌಕರಿ. ಹೈವೇ ಡ್ರೈವಿಂಗ್ ಅವರಿಗೆ ಭಯ. ಹಾಗಾಗಿ ದಿನಾ ನನ್ನ ಕಾರಿನಲ್ಲೇ ಬರುತ್ತಿದ್ದರು.

"ನಮ್ಮನೆಯವರು ಏನಂತಾರೆ ಗೊತ್ತಾ ಮಧು? 'ಅಲ್ಲಿ ಹಾಡು ಕೇಳೋಕೆ ನಿನಗೆ ಸಂಬಳ ಬೇರೆ ಕೊಡ್ತಾರಾ' ಅಂತ. ತೊಂಬತ್ತು ದಿನ ಆಗಿ ಪರ್ಮನೆಂಟ್ ಆಗ್ಲಿ, ಆಮೇಲೆ ಮಾತಾಡ್ತೀನಿ ಅವರ ಹತ್ರ."

ತೊಂಬತ್ತು ದಿನ ಪ್ರೊಬೇಷನ್. ಅಷ್ಟರೊಳಗೆ ಮೂರು ಸಲ ವಿನಾಕಾರಣ ಲೈನ್ ನಿಲ್ಲಿಸಿದರೆ ಕೆಲಸ ಹೋಗುತ್ತದೆ ಎಂಬುದು ಮ್ಯಾನೇಜರ್ ಗ್ಯಾರಿಯ ನಿಯಮ. ಒಳ್ಳೆಯ ನಿಯಮವೆಂದು ನಾನೂ ಒಪ್ಪಿದ್ದೆ.

ಅರವತ್ತನೇ ದಿನದ ಆಸುಪಾಸಿನಲ್ಲಿ ಜಪಾನಿನಿಂದ ಒಂದು ಆಲ್ಬಮ್ ಬಂತು. ಪ್ರಾಯೋಗಿಕ ಎಲೆಕ್ಟ್ರಾನಿಕ್ ಪಾಪ್. ಆಟಿಕೆ ಕೀಬೋರ್ಡಿನಂಥ ಸ್ವರಗಳು, ಪಿಸುಗುಟ್ಟುವ ಹುಡುಗಿಯೊಬ್ಬಳ ಧ್ವನಿ, ನಡುನಡುವೆ ಡಿಸ್ಕ್ ಕೆಟ್ಟಾಗ ಕೇಳುವಂಥ ಚಿಟ್ ಚಿಟ್ ಸದ್ದು. ಒಂದನೇ ಹಾಡಿಗೇ ಆಂಟಿ ಲೈನ್ ನಿಲ್ಲಿಸಿದರು. ಮತ್ತೊಂದು ಡಿಸ್ಕ್ ಕೊಟ್ಟೆವು. ಎರಡನೇ ಹಾಡಿಗೆ ಮತ್ತೆ ನಿಲ್ಲಿಸಿದರು.

"ಏನಪ್ಪಾ ಇದು, ಹಾಡಾ ಇಲ್ಲಾ ಮಿಕ್ಸಿ ರಿಪೇರಿ ಮಾಡ್ತಿದಾರಾ?"

ಗ್ರಾಹಕರಿಗೆ ಫ್ಯಾಕ್ಸ್ ಕಳಿಸಿದೆವು. ಮರುದಿನ ಉತ್ತರ ಬಂತು: ಆ ಸದ್ದುಗಳು ನಮ್ಮವೇ, ಹೇಗಿವೆಯೋ ಹಾಗೇ ಡಿಸ್ಕ್ ಅಚ್ಚು ಹಾಕಿ. ಇಡೀ ವಿಭಾಗ ನಕ್ಕಿತು. ಗ್ಯಾರಿ ಎರಡೂ ನಿಲುಗಡೆಗಳನ್ನು ಆಂಟಿಯ ಲೆಕ್ಕಕ್ಕೆ ಬರೆದ.

ಆಂಟಿ ಮಾತ್ರ ನಗಲಿಲ್ಲ. ಆ ಡಿಸ್ಕನ್ನು ಊಟದ ಬಿಡುವಿನಲ್ಲೂ ಕೇಳತೊಡಗಿದರು. ಮೂರನೇ ದಿನ ನನ್ನನ್ನು ತಾವು ಹಾಡು ಕೇಳುವ ಬೂತಿಗೆ ಕರೆದರು.

"ಐದನೇ ಹಾಡು. ಮೂರು ನಿಮಿಷ ಹನ್ನೆರಡು ಸೆಕೆಂಡ್. ಅಲ್ಲೊಂದು ಸದ್ದು ಜಾಸ್ತಿ ಇದೆ."

"ಆಂಟಿ, ಅದೆಲ್ಲಾ ಅವರದ್ದೇ ಅಂತ ಫ್ಯಾಕ್ಸ್ ಬಂದಿದ್ಯಲ್ಲ."

"ಮಿಕ್ಕಿದ್ದೆಲ್ಲಾ ಅವರದ್ದೇ. ಇದು ಅಲ್ಲ." ತೊಡೆಯ ಮೇಲೆ ತಾಳ ಹಾಕಿ ತೋರಿಸಿದರು. "ತಕಿಟ ತಕಧಿಮಿ. ಏಳೇಳು ಎಣಿಕೆ, ನಮ್ಮ ಮಿಶ್ರ ಛಾಪು ಇದ್ದಂಗೆ. ಪ್ರತಿ ಸಲ ಏಳನೇದಕ್ಕೆ ಸದ್ದು ಬೀಳತ್ತೆ. ಇಲ್ಲೊಂದು ಕಡೆ ಮಾತ್ರ ಮೂರನೇದಕ್ಕೂ ಬಿದ್ದಿದೆ."

"ಎಕ್ಸ್‌ಪೆರಿಮೆಂಟಲ್ ಮ್ಯೂಸಿಕ್ ಆಂಟಿ. ಬೇಕಂತಲೇ ತಪ್ಪಿಸಿರ್ತಾರೆ."

"ಬೇಕಂತ ತಪ್ಪಿಸಿದೋನು ಮುಂದಿನ ಸುತ್ತಿನಲ್ಲಿ ಅದಕ್ಕೊಂದು ಉತ್ತರ ಕೊಡ್ತಾನೆ. ಇವನು ಏನೂ ಆಗಿಲ್ಲ ಅನ್ನೋ ಹಂಗೆ ಹೋಗ್ತಿದಾನೆ. ಇದು ಅವನಿಗೇ ಗೊತ್ತಿಲ್ಲದೆ ಬಂದಿದ್ದು. ಮೂಲ ಟೇಪ್ ತರಿಸಿ ಹೋಲಿಸಿ ನೋಡು."

ಟೇಪ್ ನಮ್ಮದೇ ಕಟ್ಟಡದ ಇನ್ನೊಂದು ತುದಿಯಲ್ಲಿತ್ತು. ಅದನ್ನು ತರಿಸಲು ಒಂದು ಫಾರಂ ತುಂಬಿ ಗ್ಯಾರಿಯ ಸಹಿ ಕೇಳಬೇಕಿತ್ತು. ನನ್ನ ಗ್ರೀನ್ ಕಾರ್ಡ್ ಅರ್ಜಿ ಆಗ ಅವನ ಮೇಜಿನ ಮೇಲಿತ್ತು. ಯಂತ್ರದ ಅಂಕಿ ಅತ್ಯುತ್ತಮವಾಗಿತ್ತು. ಆಂಟಿ ಲೈನ್ ನಿಲ್ಲಿಸಿದ್ದರು. ನಾನು ಮತ್ತೆ ಚಾಲೂ ಮಾಡಿಸಿದೆ. ತಪಾಸಣಾ ಹಾಳೆಯಲ್ಲಿ ಅವರ ಷರಾದ ಮೇಲೆ ಗೆರೆ ಎಳೆದು 'ಉದ್ದೇಶಪೂರ್ವಕ' ಎಂದು ಬರೆದು ಸಹಿ ಹಾಕಿದೆ. ಗ್ಯಾರಿ ಅದನ್ನು ಮೂರನೆಯದೆಂದು ಎಣಿಸಿದ.

ಆಂಟಿಯನ್ನು ಉಳಿಸಿಕೊಳ್ಳಲು ಗ್ಯಾರಿಯೊಡನೆ ಜಗಳವಾಡಿದೆನೆಂದೇ ನಾನು ಹೇಳಿಕೊಂಡು ಬಂದದ್ದು. ದಿನಚರಿಯಲ್ಲಿರುವುದು ಇಷ್ಟು: "ಶಾರದಾ ಆಂಟಿ ವಿಷಯ ಗ್ಯಾರಿ ಕೇಳಿದ. ನಿಯಮ ನಿಯಮವೇ ಎಂದೆ. ಬ್ರೇಕ್ ಪ್ಯಾಡ್ ಬದಲಿಸಬೇಕು."

ಕೆಲಸ ಹೋದ ಆ ಸಂಜೆಯೂ ಆಂಟಿ ನನ್ನ ಕಾರಿನಲ್ಲೇ ಮನೆಗೆ ಬಂದರು. ಇಳಿಯುವಾಗ, "ಅವರಿಗೆ ಏನು ಹೇಳ್ಲಿ ಅಂತ ಯೋಚ್ನೆ ಮಾಡ್ತಿದೀನಿ ಕಣೋ," ಎಂದರು. ಯಜಮಾನರ ಬಗ್ಗೆ.

ಮೂರು ವಾರದ ನಂತರ ಜಪಾನಿನಿಂದ ಫ್ಯಾಕ್ಸ್ ಬಂತು. ಐದನೇ ಹಾಡು, ಮೂರು ನಿಮಿಷ ಹನ್ನೆರಡು ಸೆಕೆಂಡ್: ಇಲ್ಲಿರುವ ಸದ್ದು ನಮ್ಮದಲ್ಲ. ಈಗ ಫಾರಂ ಕೇಳದೆಯೇ ಟೇಪ್ ಬಂತು. ಅದರಲ್ಲಿ ಆ ಸದ್ದು ಇರಲಿಲ್ಲ. ಟೇಪಿನಿಂದ ಗಾಜಿಗೆ ಇಳಿಸುವಾಗ ಕ್ಷಣಕಾಲ ಮಾಹಿತಿ ತಪ್ಪಿಹೋಗಿ, ಉಪಕರಣ ಆ ಜಾಗವನ್ನು ತಾನೇ ಊಹಿಸಿ ತುಂಬಿತ್ತು. ತಪ್ಪು ಮಾಸ್ಟರ್‌ನಲ್ಲೇ ಕೂತ ಮೇಲೆ ದೋಷ ಎಣಿಸುವ ಯಂತ್ರಕ್ಕೆ ಅದೂ ಸಂಗೀತವೇ. ಅದಕ್ಕೇ ಅಂಕಿ ಅಷ್ಟು ಚೆನ್ನಾಗಿತ್ತು. ಹಾಗೆ ಇಳಿಸುವಾಗಿನ ಯಂತ್ರದ ಲಾಗ್‌ನಲ್ಲಿ ಇದರ ಬಗ್ಗೆ ಒಂದು ಸಾಲು ಮುದ್ರಣವಾಗಿತ್ತು. ಯಾರೂ ಓದಿರಲಿಲ್ಲ. ಓದಬೇಕಾಗಿದ್ದವನು ನಾನು.

ಮಾರನೆಯ ದಿನವೇ ಆಂಟಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ ಎಂಬುದು ನೆನಪಿನ ಇನ್ನೊಂದು ಕಥೆ. ದಿನಚರಿಯ ಪ್ರಕಾರ ಫೋನ್ ಮಾಡಿದ್ದು ಹನ್ನೊಂದು ದಿನದ ನಂತರ, ಅದೂ ಬೇರೆ ಕಾರಣಕ್ಕೆ. ಹೊಸ ಮಾಸ್ಟರ್‌ನಿಂದ ಮೊದಲ ಡಿಸ್ಕ್ ಬಂದಿತ್ತು. ಆಂಟಿಯ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿರಲಿಲ್ಲ. "ನೀನೇ ಕೇಳು," ಎಂದ ಗ್ಯಾರಿ. ಬೂತಿನಲ್ಲಿ ಕೂತು ಐದನೇ ಹಾಡನ್ನು ನಾಲ್ಕು ಸಲ ಹಾಕಿದೆ. ಮೂರು ನಿಮಿಷ ಹನ್ನೆರಡು ಸೆಕೆಂಡಿನ ಸದ್ದು ಹೋಗಿತ್ತು, ಅದು ಗೊತ್ತಾಗುತ್ತಿತ್ತು. ಬೇರೆಲ್ಲೋ ಹೊಸದೊಂದು ಬಂದಿದ್ದರೆ? ಪ್ರತಿ ಸಲವೂ ಅರ್ಧದಲ್ಲೇ ಎಣಿಕೆ ತಪ್ಪಿತು.

"ಆಂಟಿ, ನೀವು ಹೇಳಿದ್ದೇ ಸರಿ ಆಯ್ತು," ಎಂದು ಬೂತಿನಿಂದಲೇ ಫೋನಿನಲ್ಲಿ ಶುರು ಮಾಡಿದೆ.

"ಹೌದಾ?" ಎಂದರು. "ಅದಕ್ಕೇ ಫೋನ್ ಮಾಡಿದ್ಯಾ?"

ಇಲ್ಲವೆಂದು ಒಪ್ಪಿಕೊಂಡು ಹೊಸ ಡಿಸ್ಕಿನ ವಿಷಯ ಹೇಳಿದೆ. "ಸರಿ, ಹೆಡ್‌ಫೋನ್ ರಿಸೀವರ್‌ಗೆ ಹಿಡಿ," ಎಂದರು. ಹಾಡು ಮುಗಿಯುವವರೆಗೂ ಆ ಕಡೆಯಿಂದ ತೊಡೆ ತಟ್ಟುವ ಸದ್ದು ಸಣ್ಣಗೆ ಕೇಳುತ್ತಿತ್ತು.

"ಕರೆಕ್ಟಾಗಿದೆ. ಚೆನ್ನಾಗಿ ಕಟ್ಟಿದಾನೆ ಹುಡುಗ. ಹಾಳೆ ಮೇಲೆ ಯಾರ ಹೆಸರು ಬರೀತೀಯ?"

"ನೀವು ಈಗ ಎಂಪ್ಲಾಯೀ ಅಲ್ವಲ್ಲ ಆಂಟಿ..."

"ಗೊತ್ತು ಬಿಡು. ಸುಮ್ನೆ ಕೇಳ್ದೆ."

ಪರಿಶೀಲಿಸಿದವರು ಎಂಬಲ್ಲಿ ನನ್ನ ಹೆಸರು ಬರೆದೆ. ಆ ತಿಂಗಳ ಮೀಟಿಂಗಿನಲ್ಲಿ ಗ್ಯಾರಿ ನನ್ನ ಕಿವಿಯನ್ನು ಹೊಗಳಿದ. ಆಂಟಿಯನ್ನು ವಾಪಸ್ ಕರೆಯೋಣ ಎಂದು ನಾನು ಆಗ ಹೇಳಿದೆನೇ? ದಿನಚರಿಯಲ್ಲಿಲ್ಲ. ಇರಬೇಕಿತ್ತೆಂದು ಪುಟ ತಿರುವಿ ತಿರುವಿ ನೋಡಿದೆ.

ಆಮೇಲೆ ಬೇರೆ ಎರಡು ಕಾರ್ಖಾನೆಗಳಲ್ಲಿ ಕೆಲಸ ಮಾಡಿದೆ. ಇನ್ನೊಬ್ಬರ ಷರಾದ ಮೇಲೆ ಗೆರೆ ಎಳೆಯುವ ಮುನ್ನ, ಅವರು ಕೂತ ಜಾಗದಲ್ಲಿ ಕೂತು ಅವರು ಗಮನಿಸಿದ್ದನ್ನು ನಾನೂ ಒಮ್ಮೆ ಗಮನಿಸುತ್ತೇನೆ. ಕೆಲಸ ಕಲಿಸಿದ್ದು ಇಷ್ಟೇ. ಸೇರಿದ ಮೊದಲ ವಾರವೇ ತಿಳಿದಿರಬೇಕಾದ ಸಂಗತಿ. ಅದನ್ನು ನಾನು ಕಲಿಯಲು ಕೆಲಸ ಕಳೆದುಕೊಂಡವರು ಇನ್ನೊಬ್ಬರು.