ಮನೆಯಲ್ಲಿ ನಾಲ್ಕೇ ಜನ

ಆ ಬಡಾವಣೆಯಲ್ಲಿ ಅವಳನ್ನು ಎಲ್ಲರೂ ಅಳತೆಯಕ್ಕ ಎಂದೇ ಕರೆಯುತ್ತಿದ್ದರು. ಹೆಗಲಲ್ಲಿ ತೂಕದ ಯಂತ್ರ, ಕೈಯಲ್ಲಿ ರಟ್ಟೆ ಅಳೆಯುವ ಮೂರು ಬಣ್ಣದ ಪಟ್ಟಿ. ಬಸುರಿಯರನ್ನೂ ಎಳೆಮಕ್ಕಳನ್ನೂ ತೂಗುತ್ತ ಹನ್ನೊಂದು ವರ್ಷ ಮನೆಮನೆಯ ಮೆಟ್ಟಿಲು ಹತ್ತಿಳಿದವಳು. ಏಳನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ಕಿತ್ತುಕೊಂಡು ಹೋಗಿತ್ತು. ಶಾಲೆಯಲ್ಲಿ ಮೇಷ್ಟರ ತುಟಿಯನ್ನೇ ದಿಟ್ಟಿಸುತ್ತ ಪಾಠ ಕಲಿತಳು. "ಏನೇ, ನನ್ನ ಹಲ್ಲು ಎಣಿಸ್ತಿದ್ದೀಯಾ?" ಎಂದು ಅವರು ರೇಗಿಸುತ್ತಿದ್ದರಂತೆ.

ಆ ವರ್ಷ ತೂಕದ ಕೆಲಸದ ಜೊತೆಗೆ ಅಂಗವಿಕಲರ ಗಣತಿಯೂ ಅವಳ ತಲೆಗೇ ಬಿತ್ತು. ಹಿಂದಿನ ಎರಡು ಗಣತಿಗಳಲ್ಲೂ ಆ ವಾರ್ಡಿನ ಸಂಖ್ಯೆ ಇಳಿದಿತ್ತು. ಮೇಲ್ವಿಚಾರಕರಿಗೆ ಅದೇ ದೊಡ್ಡ ಹೆಮ್ಮೆ. ಕೊನೆಯ ದಿನ ಬೆಳಿಗ್ಗೆ ಫೋನಿನಲ್ಲಿ ಹೇಳಿದರು: "ಐದು ಗಂಟೆಗೆ ಪಟ್ಟಿ ಮುಚ್ಬೇಕು. ಹೇಳಿದ್ದನ್ನ ಬರ್ಕೊಂಡು ಬನ್ನಿ, ಅಷ್ಟೇ. ಕೆದಕೋಕೆ ಹೋಗ್ಬೇಡಿ."

ಬಟ್ಟೆ ಕಾರ್ಖಾನೆಯ ಹಿಂದಿನ ಸಾಲಿನಲ್ಲಿ ಒಂದೇ ಮನೆ ಉಳಿದಿತ್ತು. ಬಾಗಿಲು ತೆರೆದ ಆ ಮನೆಯ ಅತ್ತೆ ಮತ್ತೆ ನೆಲದ ಮೇಲಿನ ಅಂಗಿಗಳ ರಾಶಿಯೆದುರು ಕೂತು ದಾರ ಕತ್ತರಿಸತೊಡಗಿದಳು. ಸೊಸೆ ಗೋಡೆಗೊರಗಿ ನಿಂತಿದ್ದಳು. ಏಳು ತಿಂಗಳ ಬಸುರಿ, ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಷ್ಟು ಜನ ಇದ್ದೀರಮ್ಮಾ?"

"ನಾಲ್ಕೇ ಜನ. ನಾನು, ಇಬ್ಬರು ಗಂಡುಮಕ್ಕಳು, ಇವಳು."

"ನಡೆಯೋಕೆ, ನೋಡೋಕೆ, ಕೇಳೋಕೆ ಯಾರಿಗಾದ್ರೂ ಕಷ್ಟ ಇದೆಯಾ?"

"ಎಲ್ಲಾ ಗುಂಡುಕಲ್ಲಿನ ಹಾಗಿದ್ದೀವಿ, ಬರ್ಕೊ."

ಹೇಳುತ್ತಲೇ ಅತ್ತೆ ಸೊಸೆಯತ್ತ ತಿರುಗಿ ದನಿಯಿಲ್ಲದೆ ತುಟಿಯಾಡಿಸಿದಳು. ಅಳತೆಯಕ್ಕನಿಗೆ ಅದು ಕೂಗಿ ಹೇಳಿದಷ್ಟು ಸ್ಪಷ್ಟವಾಗಿತ್ತು: ಒಳಬಾಗಿಲು ಹಾಕು.

ಸೊಸೆ ಬಾಗಿಲು ಎಳೆದು ಬಂದಳು. ಅಳತೆಯಕ್ಕನ ಪೆನ್ನು ಕಾಗದದ ಮೇಲೇ ನಿಂತಿತು. ಬಲವಂತವಾಗಿ ಒಳಗೆ ನುಗ್ಗುವ ಅಧಿಕಾರ ಅವಳಿಗಿರಲಿಲ್ಲ. ಬಸುರಿಯನ್ನು ತೂಗುವ ಅಧಿಕಾರವಂತೂ ಇತ್ತು. ಕಿಟಕಿಯ ಬಳಿ ಬೆಳಕಿದೆ ಎಂಬ ನೆಪ ಹೇಳಿ ಸೊಸೆಯನ್ನು ಅತ್ತ ಕರೆದು ಯಂತ್ರದ ಮೇಲೆ ನಿಲ್ಲಿಸಿದಳು. ನಲವತ್ತೊಂದು ಕಿಲೋ.

"ಊಟ ಮಾಡ್ತಿಲ್ವೇನಮ್ಮಾ?" ಎಂದು ಕೇಳಿ, ಮೆಲ್ಲಗೆ ತನ್ನ ಕಿವಿಯನ್ನೂ ಆಮೇಲೆ ಸೊಸೆಯ ತುಟಿಯನ್ನೂ ಬೆರಳಿನಿಂದ ತೋರಿಸಿದಳು. ಸೊಸೆ ಒಂದು ಕ್ಷಣ ದಿಟ್ಟಿಸಿದಳು. ಬೆನ್ನ ಹಿಂದೆ ಕತ್ತರಿ ಆಡುತ್ತಲೇ ಇತ್ತು. ಅವಳ ತುಟಿ ಅಲುಗಿತು.

ಮಗಳು. ಐದು ವರ್ಷ. ಎರಡು ದಿನದಿಂದ ನುಂಗ್ತಿಲ್ಲ.

ಅಳತೆಯಕ್ಕ ಗಣತಿಯ ಪುಸ್ತಕ ಮುಚ್ಚಿ ಚೀಲಕ್ಕೆ ತುರುಕಿ ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ನಾನೇನೂ ಬರೆಯಲ್ಲ. ಮಗು ತೋರಿಸಿ."

ಕತ್ತರಿ ನಿಂತಿತು. "ಯಾವ ಮಗು?"

"ಒಳಗಿರೋ ಮಗು."

ಅತ್ತೆ ಸೊಸೆಯನ್ನು ಸುಡುವ ಹಾಗೆ ನೋಡಿ, ಎದ್ದು ಹೋಗಿ ಒಳಬಾಗಿಲಿಗೆ ಅಡ್ಡ ನಿಂತಳು. "ಚಿಕ್ಕವನಿಗೆ ಸಂಬಂಧ ಕೂಡಿಬರ್ತಿದೆ. ಇದು ಹೊರಗೆ ಬಿದ್ರೆ, ಇವರ ವಂಶವೇ ಹೀಗೆ ಅಂತಾರೆ. ಇವಳ ಹೊಟ್ಟೇಲಿರೋದಕ್ಕೂ ಈಗಲೇ ಹೆಸರಿಡ್ತಾರೆ. ನೀನು ಬರ್ಕೊಂಡು ಹೋಗ್ತೀಯ, ಅನುಭವಿಸೋರು ನಾವು."

"ನಾನೂ ಕಿವುಡಿ ಕಣಮ್ಮಾ. ಅನ್ನೋರ ಬಾಯಿ ನಂಗೂ ಗೊತ್ತು. ಅವರ ಮಾತು ಆಮೇಲೆ ನೋಡ್ಕೊಳ್ಳೋಣ. ಎರಡು ದಿನದಿಂದ ಹನಿ ನೀರೂ ಇಳಿದಿಲ್ಲ ಅಂದ್ರೆ ಸಂಜೆವರೆಗೆ ಕಾಯೋ ಹಾಗಿಲ್ಲ."

ಅತ್ತೆ ಕದಲಲಿಲ್ಲ. ಚೀಲದೊಳಗೆ ಫೋನು ಬಡಿದುಕೊಂಡು ಸುಮ್ಮನಾಯಿತು. ಕೊನೆಗೆ ಮುಂದೆ ಬಂದವಳು ಸೊಸೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

ಒಳಗೆ ಚಾಪೆಯ ಮೇಲೆ ಮಗು ಕಣ್ಣು ಅರೆತೆರೆದು ಮಲಗಿತ್ತು. ತುಟಿ ಒಣಗಿ ಬಿರಿದಿತ್ತು. ರಟ್ಟೆಗೆ ಪಟ್ಟಿ ಸುತ್ತಿ ಎಳೆದರೆ ಗುರುತು ತೀವ್ರ ಅಪೌಷ್ಟಿಕತೆಯ ಕೆಂಪಿನ ಕೊನೆಗೇ ಹೋಗಿ ನಿಂತಿತು. ಅಳತೆಯಕ್ಕ ಮಗುವನ್ನು ಎತ್ತಿಕೊಂಡಳು. ಅದರ ಕತ್ತು ಹಿಂದಕ್ಕೆ ಜೋತುಬಿತ್ತು.

"ಅಯ್ಯೋ, ಹಾಗಲ್ಲ!" ಅತ್ತೆ ಕಿರುಚಿದಳು. "ಕತ್ತು ನಿಲ್ಲಲ್ಲ ಅದಕ್ಕೆ. ಉಸಿರು ಸಿಕ್ಕಿಕೊಳ್ಳುತ್ತೆ. ಕೊಡಿಲ್ಲಿ!"

ಮಗುವನ್ನು ಕಸಿದುಕೊಂಡು, ತಲೆಯನ್ನು ಮೊಣಕೈಯ ಮಡಿಕೆಯಲ್ಲಿ ಕೂರಿಸಿ, ಗಲ್ಲಕ್ಕೆ ಹೆಬ್ಬೆರಳು ಆನಿಸಿದಳು. ಐದು ವರ್ಷ ಹೊತ್ತುಹೊತ್ತಿಗೂ ಒಂದೊಂದು ಗಂಟೆ ಕೂತು, ಗಂಜಿಯನ್ನು ತೊಟ್ಟುತೊಟ್ಟಾಗಿ ಇಳಿಸಿದವಳು ಇವಳೇ ಎಂಬುದು ಅಳತೆಯಕ್ಕನಿಗೆ ಆಗ ತಿಳಿಯಿತು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಅತ್ತೆ ಮೆಟ್ಟಿಲಿಳಿದಳು. ಇಡೀ ಸಾಲು ಬಾಗಿಲಿಗೆ ಬಂದು ನೋಡುತ್ತಿತ್ತು.

ಆಸ್ಪತ್ರೆಯಲ್ಲಿ ಕೈಯ ನರ ಸಿಗಲು ಮೂರು ಸಲ ಚುಚ್ಚಬೇಕಾಯಿತು. ಮೂಗಿನಿಂದ ನಳಿಕೆ ಇಳಿಸಿದರು. "ಇವತ್ತು ತರದಿದ್ರೆ ನಾಳೆ ತರೋ ಕೆಲಸ ಇರ್ತಿರಲಿಲ್ಲ" ಎಂದಳು ಡಾಕ್ಟರು. ಗಂಟಲ ಹುಣ್ಣಿನಿಂದ ನುಂಗುವುದು ನಿಂತಿತ್ತು, ಅದು ವಾಸಿಯಾಗುವಂಥದ್ದು. ಮಗಳ ತಟ್ಟೆ ಮುಗಿಯದೆ ತಾನು ಉಣ್ಣಲಾರದ ಸೊಸೆ ದಿನಕ್ಕೊಂದೇ ಹೊತ್ತು ಉಣ್ಣುತ್ತಿದ್ದಳೆಂಬುದೂ ಅಲ್ಲೇ ಹೊರಬಿತ್ತು. ಅವಳಿಗೂ ಪಕ್ಕದಲ್ಲೇ ಹಾಸಿಗೆ ಹಾಕಿಸಿದರು.

ಐದು ಗಂಟೆ ದಾಟಿಹೋಗಿತ್ತು. ಪಟ್ಟಿ ಮುಚ್ಚದಿದ್ದುದಕ್ಕೆ ಅಳತೆಯಕ್ಕನಿಗೆ ಮೆಮೊ ಬಂತು. ಮೂರನೆಯ ದಿನ ಅತ್ತೆ ತಾನಾಗಿಯೇ ಆಸ್ಪತ್ರೆಯ ಕೋಣೆಯಿಂದ ಹೊರಗೆ ಅವಳ ಬಳಿ ಬಂದು, "ಎಲ್ಲಿ ನಿನ್ನ ಪುಸ್ತಕ? ಐದು ಜನ ಅಂತ ತಿದ್ದು" ಎಂದು ಮೊಮ್ಮಗಳ ಹೆಸರನ್ನೂ ಹುಟ್ಟಿದ ದಿನವನ್ನೂ ಬರೆಸಿದಳು. ಅಳತೆಯಕ್ಕ ಆ ಸಾಲಿನ ಎಲ್ಲ ಮನೆಗಳಿಗೂ ಮತ್ತೆ ಹೋದಳು. ಈ ಸಲ ಕಷ್ಟ ಇದೆಯಾ ಎಂದು ಕೇಳಲಿಲ್ಲ. ಯಾರಿಗೆ ಉಣಿಸೋಕೆ ಹೊತ್ತು ಹಿಡಿಯುತ್ತೆ ಎಂದು ಕೇಳಿದಳು. ಇನ್ನೂ ಆರು ಮಕ್ಕಳು ಸಿಕ್ಕವು. ವಾರ್ಡಿನ ಸಂಖ್ಯೆ ಒಮ್ಮೆಗೇ ಏರಿದ್ದು ಕಂಡು ಮೇಲ್ವಿಚಾರಕರು ಎರಡು ವಾರ ಅವಳೊಡನೆ ಮಾತೇ ಬಿಟ್ಟರು.

ಚಿಕ್ಕವನ ಸಂಬಂಧ ಮುರಿಯಿತು. ಸೊಸೆ ಎರಡು ಕಿಲೋ ಆರುನೂರು ಗ್ರಾಮಿನ ಗಂಡುಮಗುವನ್ನು ಹೆತ್ತಳು. ಹಿರಿಯ ಮಗಳು ನಡೆಯಲಿಲ್ಲ, ನಡೆಯುವುದೂ ಇಲ್ಲ. ಆದರೆ ಆಸ್ಪತ್ರೆಯವರು ಕೊಟ್ಟ ಒರಗುಕುರ್ಚಿಯಲ್ಲಿ ಕೂತರೆ ಅರ್ಧ ಗಂಟೆಯಲ್ಲಿ ಊಟ ಮುಗಿಸುತ್ತಾಳೆ. ಬೆಳಗಿನ ಹೊತ್ತು ಅಜ್ಜಿ ಕುರ್ಚಿಯನ್ನು ಹೊರಗೆ ತಂದಿಟ್ಟು ಉಣಿಸುತ್ತಾಳೆ. ನಿಂತು ನೋಡುವವರಿಗೆ ಒಂದೇ ಮಾತು: "ಸ್ವಲ್ಪ ಸರೀರಿ, ಮಗುಗೆ ಬಿಸಿಲು ಬೀಳ್ಲಿ."