ಗಂಗೆ ಕಲ್ಲಿನ ಜಾಗ

ನೂರ್ ಅಹಮದ್ ಮದುವೆ ವಿಡಿಯೋ ತೆಗೆಯುವವನು. ಅವನ ಸ್ಟುಡಿಯೋ ಇರುವುದು ಕಿಬ್ಬನಹಳ್ಳಿ ಕಡೆಯ ಒಂದೂರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಯಾಕೆಂದು ನಿಮಗೇ ತಿಳಿಯುತ್ತದೆ.

ಆ ಸ್ಟುಡಿಯೋ ಇರುವ ಅಂಗಡಿ ಸಾಲಿನ ಜಾಗದಲ್ಲಿ ಹಿಂದೆ ಕೆರೆಯಿತ್ತು. ತೆಂಗಿನ ಸಿಪ್ಪೆ, ಮೇಲೊಂದಿಷ್ಟು ಮಣ್ಣು ಸುರಿದೂ ಸುರಿದೂ ಅದನ್ನು ಮುಚ್ಚಿದೆವು. ಮುಚ್ಚಿದವರು ಯಾರೆಂದರೆ ಊರೇ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ನಾನೂ ಎರಡು ಗಾಡಿ ಸುರಿದಿದ್ದೇನೆ, ಸುಳ್ಳೇಕೆ. ಇಲ್ಲಿ ನೀರಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಅವರಿಗೆ ತೋರಿಸಲೆಂದೇ ನೂರ್ ಒಂದು ಸಿನಿಮಾ ಮಾಡಲು ಕೂತ.

ಕೆರೆಯ ಚಿತ್ರವನ್ನು ಯಾರೂ ಬೇಕೆಂದು ತೆಗೆದಿರಲಿಲ್ಲ. ಆದರೆ ಮದುವೆಗೆ ಮುಂಚೆ ಹೆಂಗಸರು ಕೆರೆ ದಡದ ಗಂಗೆ ಕಲ್ಲಿಗೆ ಪೂಜೆ ಮಾಡಿ ನೀರು ತರುವುದು ಪದ್ಧತಿ. ಹೀಗಾಗಿ ಅವನ ಮೂವತ್ತು ವರ್ಷದ ಕ್ಯಾಸೆಟ್ಟುಗಳಲ್ಲಿ ಕೆರೆಯೂ ಉಳಿದಿತ್ತು. ಮೊದಲ ಮದುವೆಯಲ್ಲಿ ಕಲ್ಲಿನ ಪಕ್ಕವೇ ಬಗ್ಗಿ ಬಿಂದಿಗೆ ತುಂಬುತ್ತಾರೆ. ಆಮೇಲೆ ಸಿಪ್ಪೆ ರಾಶಿ ಸುತ್ತಿ ಬರುತ್ತಾರೆ. ಕೊನೆಗೆ ನಲ್ಲಿಗೇ ಅರಿಶಿನ ಕುಂಕುಮ.

ಆ ಮೊದಲ ಮದುವೆ ಲಕ್ಷ್ಮಕ್ಕನ ಮಗಳದು. ಈಗ ಮೊಮ್ಮಗಳು ಗಂಗಲಕ್ಷ್ಮಿಯ ಮದುವೆ ಗೊತ್ತಾಗಿತ್ತು. ಸಿನಿಮಾ ಸುದ್ದಿ ಕೇಳಿ ಲಕ್ಷ್ಮಕ್ಕ ಬಂದಳು.

"ನಲ್ಲಿ ಪೂಜೆ ಸಾಕಾಗೈತೆ ಕಣಪ್ಪ. ಕಲ್ಲು ಎಲ್ಲಿತ್ತು ಅಂತ ಕ್ಯಾಸೆಟ್ ನೋಡಿ ಹೇಳು. ಸಾಯೋದ್ರೊಳ್ಗೆ ಒಂದ್ಸಲ ಅಲ್ಲೇ ಬಿಂದಿಗೆ ಇಡ್ಬೇಕು."

ಕಲ್ಲಿನ ಪಕ್ಕದಲ್ಲೇ ಕೂತು ತೆಗೆದ ಚಿತ್ರವೊಂದಿತ್ತು. ಅದರಲ್ಲಿ ಎಡಕ್ಕೆ ಶಾಲೆಯ ಹೆಂಚಿನ ಮೂಲೆ, ಬಲಕ್ಕೆ ಗುಡ್ಡದ ಕೊರಕಲು. ನೂರ್ ಅದನ್ನು ಫೋನಿನಲ್ಲಿ ಹಿಡಿದು, ಎರಡೂ ಹಾಗೇ ಕಾಣುವ ಜಾಗ ಹುಡುಕುತ್ತಾ ಹಿಂದೆ ಹಿಂದೆ ಸರಿದ. ಅವನದೇ ಅಂಗಡಿಯ ಮೆಟ್ಟಿಲು ಕಾಲಿಗೆ ತಾಗಿತು. ಒಳಗೆ ಹೋಗಿ ಎಡಿಟಿಂಗ್ ಮೇಜಿನ ಪಕ್ಕ ಕೂತಾಗ, ತೆರೆದ ಬಾಗಿಲಾಚೆ ಎರಡೂ ಚಿತ್ರಕ್ಕೆ ಸರಿಯಾಗಿ ಕೂಡಿದವು.

ಅವನಿಗೆ ಹೆದರಿಕೆಯಾಯಿತು. ಸಾಬರ ಅಂಗಡಿ ಗಂಗಮ್ಮನ ಕಲ್ಲಿನ ಮೇಲಿದೆ ಎಂದು ನಾಲ್ಕು ಜನ ಆಡಿಕೊಂಡರೆ ಅಂಗಡಿ ಉಳಿಯುತ್ತದೆಯೇ? ಕಾಲ ಹೇಗಿದೆಯೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಎರಡು ದಿನ "ಇನ್ನೂ ಸಿಕ್ಕಿಲ್ಲ ಕಣಕ್ಕ" ಎಂದ. ಮೂರನೆಯ ದಿನ ಆ ಮುದುಕಿಯ ಮುಖ ನೋಡಲಾಗಲಿಲ್ಲ.

"ಈ ಮೇಜಿನ ಕೆಳಗೈತೆ ಕಣಕ್ಕ."

ಲಕ್ಷ್ಮಕ್ಕ ಬಗ್ಗಿ ಮೇಜಿನ ಕೆಳಗಿನ ನೆಲ ನೋಡಿದಳು. "ಯಾರ್ಯಾರಿಗೆ ಹೇಳಿದ್ಯಾ?"

"ನಿಮಗೇ ಮೊದ್ಲು."

"ನಂಗೇ ಕೊನೆ ಆಗ್ಲಿ ಬುಡು."

ಮದುವೆಯ ದಿನ ಹೆಂಗಸರು ಬಿಂದಿಗೆ ಹಿಡಿದು ನಲ್ಲಿಗೆ ಹೊರಟರು. ನೂರ್ ಕ್ಯಾಮೆರಾ ಹಿಡಿದು ಮುಂದಿದ್ದ. ಸ್ಟುಡಿಯೋ ಮುಂದೆ ಲಕ್ಷ್ಮಕ್ಕ ನಿಂತುಬಿಟ್ಟಳು. "ಬಿಸ್ಲು ಕಣೇ, ಒಸಿ ಕುಂತು ಬತ್ತೀನಿ." ಒಳಗೆ ಹೋಗಿ ಮೇಜಿನ ಬುಡದಲ್ಲಿ ಬಿಂದಿಗೆ ಇಟ್ಟಳು. ಹಿಂದೆಯೇ ಒಳಬಂದ ನೂರ್ ತನ್ನ ಕ್ಯಾನಿನಿಂದ ಅದಕ್ಕೆ ಒಂದು ಲೋಟ ನೀರು ಹಾಕಿದ. ಏಳುವಾಗ ಅವಳು ನೆಲಕ್ಕೆ ಕೈಯೂರಿದಳು. ಅರಿಶಿನದ ಐದು ಬೆರಳು ಮೂಡಿದವು.

ಇದನ್ನೆಲ್ಲ ನೂರ್ ನನಗೆ ಹೇಳಿದ್ದು ಲಕ್ಷ್ಮಕ್ಕ ತೀರಿಕೊಂಡ ಮೇಲೆ. ಆ ಮದುವೆಯ ವಿಡಿಯೋ ತರಿಸಿ ನೋಡಿದೆ. ಹೆಂಗಸರು ಬೀದಿಯಲ್ಲಿ ಬರುತ್ತಾರೆ, ಮರುಕ್ಷಣ ನಲ್ಲಿಯ ಹತ್ತಿರ ಇರುತ್ತಾರೆ. ನಡುವೆ ಸ್ಟುಡಿಯೋ ಇಲ್ಲ. ಮೂವತ್ತು ವರ್ಷದಲ್ಲಿ ಅವನು ತೆಗೆಯದೆ ಬಿಟ್ಟ ಗಂಗೆ ಪೂಜೆ ಅದೊಂದೇ.