ಅಕ್ಕನ ಪದ ಮತ್ತು ಏಳಲೊಲ್ಲದ ಲ್ಯಾಪ್‌ಟಾಪು

ಚೆನ್ನಾಗಿ ನಡೆಯುತ್ತಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡುವ ಚಟ ನನಗಿದೆ. ಗಡಿಯಾರ ಬಿಚ್ಚಿದ್ದೇನೆ, ಮಿಕ್ಸಿ ಬಿಚ್ಚಿದ್ದೇನೆ. ಎರಡೂ ಈಗ ಅಟ್ಟದ ಮೇಲಿವೆ. ನಾನು ತಿ. ನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರಾದ್ದರಿಂದ ಹೆಂಡತಿ ಮರ್ಯಾದೆಗೆ ಇದನ್ನು ಪ್ರಯೋಗ ಎನ್ನುತ್ತಾಳೆ.

ಹೋದ ತಿಂಗಳು ಲ್ಯಾಪ್‌ಟಾಪಿನ ಸರದಿ. ನಿಧಾನವಾಗಿತ್ತು, ಅಷ್ಟೆ. ಇದ್ದ ವಿಂಡೋಸ್ ಪಕ್ಕದಲ್ಲಿ ಪೆನ್‌ಡ್ರೈವಿನಿಂದ ಲಿನಕ್ಸ್ ಎಂಬ ಇನ್ನೊಂದು ಹಗುರ ವ್ಯವಸ್ಥೆಯನ್ನು ಕೂರಿಸಿದೆ. ಎರಡರಲ್ಲಿ ಬೇಕಾದ್ದನ್ನು ಎಬ್ಬಿಸುವ ಬೂಟ್‌ಲೋಡರನ್ನೂ ಹಾಕಿದೆ. ಮನೆಯಲ್ಲಿ ಮೊದಲು ಎದ್ದು ಉಳಿದವರನ್ನು ಎಬ್ಬಿಸುವವರಿರುತ್ತಾರಲ್ಲ, ಅಂಥದ್ದು ಅದು. ಎಬ್ಬಿಸಿತು ಕೂಡ. ಕೆಲಸ ಮುಗಿದ ಪೆನ್‌ಡ್ರೈವನ್ನು ಹುಲ್ಲಹಳ್ಳಿಯ ಭಾವ ಟ್ರ್ಯಾಕ್ಟರಿನಲ್ಲಿ ಹಾಡು ಕೇಳಲು ಒಯ್ದರು. ಮಾರನೆಯ ದಿನ ಕಪ್ಪು ಪರದೆ. ಬೂಟ್ ಮಾಡಲು ಏನೂ ಸಿಗಲಿಲ್ಲವೆಂಬ ಒಂದೇ ಸಾಲು.

ಭಾವನ ಹೆಂಡತಿ, ಅಂದರೆ ನನ್ನ ಅಕ್ಕ, ತೀರಿಕೊಂಡು ವರ್ಷವಾಯಿತು. ನಾಟಿ ಹಾಕುವಾಗ ಅವಳು ಹೇಳುತ್ತಿದ್ದ ಪದವನ್ನು ಒಮ್ಮೆ ಆ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿದ್ದೆ. ಅವಳ ದನಿ ಉಳಿದಿರುವುದು ಅಲ್ಲೊಂದೇ ಕಡೆ. ಅವಳು ಹೋದ ಮೇಲೆ ಅದನ್ನು ಕೇಳುವ ಧೈರ್ಯ ಬಂದಿರಲಿಲ್ಲ. ಇನ್ನೊಂದು ಪ್ರತಿ ಮಾಡಿಡುವ ಬುದ್ಧಿಯೂ ಬಂದಿರಲಿಲ್ಲ.

ಮೂರು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಕಂಡಕಂಡ ಕೀ ಒತ್ತಿದೆ. ಕೊನೆಗೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿನ ಬಸ್ಸು ಹತ್ತಿದೆ. ರಿಪೇರಿ ಅಂಗಡಿಯ ಹೆಣ್ಣುಮಗಳು ನೋಡಿದವಳೇ, "ಪೆನ್‌ಡ್ರೈವ್ ಎಲ್ಲಿ ಸಾ? ಬೂಟ್‌ಲೋಡರ್‌ನ ಡಿಸ್ಕಿಗಾಕೋ ಬದ್ಲು ಅದುಕ್ಕಾಕ್ಬುಟ್ಟಿದ್ದೀರ. ಅದ್ನ ಚುಚ್ಚುದ್ರೆ ಮಾತ್ರ ಏಳ್ತದೆ," ಎಂದಳು. ಭಾವನಿಗೆ ಫೋನ್ ಮಾಡಿದೆ.

"ಅದ್ರಲ್ಲಿ ಏನೇನೋ ಇತ್ತು ಕಣ್ಲಾ, ಎಲ್ಲಾ ಅಳ್ಸಿ ಆಡು ತುಂಬುಸ್ಕಂಡೆ. ಯಾಕ್ಲಾ?"

"ಏನಿಲ್ಲ ಭಾವ," ಎಂದು ಫೋನ್ ಇಟ್ಟೆ.

"ಓಗ್ಲಿ ಬುಡಿ ಸಾ, ಡಿಸ್ಕ್ ಚೆನ್ನಾಗದೆ," ಎಂದು ಆಕೆಯೇ ಹೊಸದಾಗಿ ಬೂಟ್‌ಲೋಡರನ್ನು ಡಿಸ್ಕಿಗೆ ಹಾಕಿ ಎಬ್ಬಿಸಿಕೊಟ್ಟಳು. ಮನೆಯವರೆಗೆ ತಡೆಯಲಾಗದೆ ಅಂಗಡಿಯ ಸ್ಟೂಲಿನ ಮೇಲೇ ಕೂತು ಪದ ಹಚ್ಚಿದೆ. ಅಕ್ಕ ಎರಡು ಸಾಲು ಹೇಳಿದಳು. ಆಮೇಲೆ ಬಂದದ್ದು ನನ್ನ ದನಿ.

"ನಿಲ್ಸಕ್ಕ, ಫ್ಯಾನ್ ಸದ್ದು ಬತ್ತಾದೆ. ಇನ್ನೂ ಚೆನ್ನಾಗಿ ಮಾಡಣ."

"ನಂಗೆ ಒತ್ತಾಯ್ತು ಮಗ. ಇನ್ನೊಂದಿನ ಪೂರ್ತಿ ಪದ ಏಳ್ತೀನಿ."

ಅಲ್ಲಿಗೆ ಮುಗಿದಿತ್ತು. ಆ ಎರಡು ಸಾಲನ್ನು ಕಿವಿಯಿಟ್ಟು ನಾಲ್ಕು ಸಲ ಕೇಳಿದೆ. ಫ್ಯಾನಿನ ಸದ್ದು ಒಂದು ಸಲವೂ ಕೇಳಿಸಲಿಲ್ಲ.